ಅಂಚೆ ಗುಮಾಸ್ತನಾಗಿದ್ದ ಪ್ರಧಾನಿ: ಕಾಂಗೋದ ಪ್ಯಾಟ್ರಿಸ್ ಲುಮುಂಬಾ



ತರಗತಿಯ ಗೋಡೆಗೆ ತೂಗುಹಾಕಿರುವ ಪ್ರಪಂಚದ ಭೂಪಟದ ಮುಂದೆ ನಿಂತು ಎಂಟನೆಯ ತರಗತಿಯ ಹುಡುಗನೊಬ್ಬ ಒಮ್ಮೆ ನನ್ನನ್ನು ಕೇಳಿದ: ಸರ್, ಆಫ್ರಿಕಾದಲ್ಲಿ ಕಾಂಗೋ ಅಂತ ಎರಡು ದೇಶ ಯಾಕಿವೆ? ನಾನು ಉರ್ದು ಮತ್ತು ಕನ್ನಡ ಹೇಳಿಕೊಡುವವನು, ಸಮಾಜ ವಿಜ್ಞಾನ ನನ್ನ ವಿಷಯವಲ್ಲ. ಒಂದು ಫ್ರೆಂಚರದ್ದು, ಇನ್ನೊಂದು ಬೆಲ್ಜಿಯಂನವರದ್ದು ಆಗಿತ್ತು, ನಡುವೆ ಒಂದು ನದಿ ಇದೆ ಎಂದಷ್ಟೇ ಹೇಳಿ ಪಾಠಕ್ಕೆ ಹೊರಟೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಹುಡುಕುತ್ತಾ ಹೋದಾಗ ಸಿಕ್ಕಿದ್ದು ಒಬ್ಬ ಮನುಷ್ಯನ ಬದುಕು. ಅದನ್ನೇ ಈ ಸಲ ನಿಮ್ಮ ಮುಂದಿಡುತ್ತಿದ್ದೇನೆ.

ಅವರ ಹೆಸರು ಪ್ಯಾಟ್ರಿಸ್ ಲುಮುಂಬಾ. 1925ರ ಜುಲೈ 2ರಂದು ಬೆಲ್ಜಿಯನ್ ಕಾಂಗೋದ ಕಸಾಯಿ ಪ್ರಾಂತ್ಯದ ಓನಲುವಾ ಎಂಬ ಹಳ್ಳಿಯಲ್ಲಿ ಹುಟ್ಟಿದರು. ತಂದೆ ರೈತ. ಅವರದು ಟೆಟೆಲಾ ಎಂಬ ಬುಡಕಟ್ಟು, ಸಂಖ್ಯೆಯಲ್ಲಿ ದೊಡ್ಡದಲ್ಲ. ಈ ಸಂಗತಿ ನೆನಪಿರಲಿ, ಮುಂದೆ ಬೇಕಾಗುತ್ತದೆ.

ಆ ಕಾಲದ ಕಾಂಗೋ ಎಂದರೆ ಏನೆಂದು ಸ್ವಲ್ಪ ತಿಳಿಯಬೇಕು. 1885ರಲ್ಲಿ ಯುರೋಪಿನ ರಾಷ್ಟ್ರಗಳು ಬರ್ಲಿನ್‌ನಲ್ಲಿ ಕುಳಿತು ಆಫ್ರಿಕಾವನ್ನು ಹಂಚಿಕೊಂಡಾಗ ಬೆಲ್ಜಿಯಂನ ರಾಜ ಎರಡನೇ ಲಿಯೋಪೋಲ್ಡ್‌ಗೆ ಈ ಭೂಮಿ ಸಿಕ್ಕಿತು. ಬೆಲ್ಜಿಯಂ ದೇಶಕ್ಕಲ್ಲ, ರಾಜನ ಸ್ವಂತಕ್ಕೆ! ತನ್ನ ದೇಶದ ಎಪ್ಪತ್ತೈದು ಪಟ್ಟಿಗೂ ದೊಡ್ಡದಾದ ನಾಡನ್ನು ಒಬ್ಬ ಮನುಷ್ಯ ಖಾಸಗಿ ಜಮೀನಿನಂತೆ ಇಟ್ಟುಕೊಂಡ. ರಬ್ಬರ್ ಸಂಗ್ರಹಿಸಲು ಹಳ್ಳಿಗಳಿಗೆ ಲೆಕ್ಕ ಕಟ್ಟಿದ. ಲೆಕ್ಕ ತಪ್ಪಿದ ಹಳ್ಳಿಗಳಿಗೆ ಸಿಪಾಯಿಗಳು ಬೆಂಕಿಯಿಟ್ಟರು, ಜನರ ಕೈಗಳನ್ನು ಕತ್ತರಿಸಿದರು. ಸತ್ತವರ ಸಂಖ್ಯೆಯ ಬಗ್ಗೆ ಇತಿಹಾಸಕಾರರಲ್ಲಿ ಒಮ್ಮತವಿಲ್ಲ, ಆದರೆ ಅದು ಹಲವು ಲಕ್ಷಗಳಲ್ಲಿತ್ತು ಎಂಬುದರಲ್ಲಿ ಅನುಮಾನವಿಲ್ಲ. ಜಗತ್ತಿನಾದ್ಯಂತ ಕೂಗೆದ್ದ ಮೇಲೆ 1908ರಲ್ಲಿ ಬೆಲ್ಜಿಯಂ ಸರ್ಕಾರ ಕಾಂಗೋವನ್ನು ರಾಜನ ಕೈಯಿಂದ ತೆಗೆದುಕೊಂಡಿತು.

ಹೊಸ ಯಜಮಾನರು ರಸ್ತೆ, ರೈಲು, ಆಸ್ಪತ್ರೆ ಕಟ್ಟಿದರು. ಪ್ರಾಥಮಿಕ ಶಾಲೆಗಳನ್ನೂ ಮಿಷನರಿಗಳ ಮೂಲಕ ತೆರೆದರು. ನಮ್ಮ ಸಂಸ್ಥೆಯಂತಹ ವಿದ್ಯಾಸಂಸ್ಥೆಯವರು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಮಗು ಓದು ಬರಹ ಕಲಿಯಬಹುದು, ಬಡಗಿಯಾಗಬಹುದು, ಗುಮಾಸ್ತನಾಗಬಹುದು, ಬಹಳವೆಂದರೆ ಪಾದ್ರಿಯಾಗಬಹುದು. ಅದಕ್ಕಿಂತ ಮೇಲಿನ ಬಾಗಿಲು ಮುಚ್ಚಿತ್ತು. ನಾಡಿನ ಮೊದಲ ವಿಶ್ವವಿದ್ಯಾಲಯ ಲೊವಾನಿಯಂ ಆರಂಭವಾದದ್ದು 1954ರಲ್ಲಿ. ಸ್ವಾತಂತ್ರ್ಯ ಬಂದ 1960ರಲ್ಲಿ ಸುಮಾರು ಒಂದೂವರೆ ಕೋಟಿ ಜನರಿದ್ದ ಆ ದೇಶದಲ್ಲಿ ಪದವೀಧರರ ಸಂಖ್ಯೆ ಮೂವತ್ತನ್ನು ದಾಟಿರಲಿಲ್ಲ. ಮೂವತ್ತು ಸಾವಿರವಲ್ಲ, ಮೂವತ್ತು! ವೈದ್ಯರ ಕೈಕೆಳಗಿನ ಸಹಾಯಕರಿದ್ದರು, ಒಬ್ಬ ಕಾಂಗೋಲೀಸ್ ವೈದ್ಯನಿರಲಿಲ್ಲ. ಸೈನ್ಯದಲ್ಲಿ ಇಪ್ಪತ್ತೈದು ಸಾವಿರ ಕರಿಯ ಸಿಪಾಯಿಗಳಿದ್ದರು, ಒಬ್ಬ ಕರಿಯ ಅಧಿಕಾರಿಯಿರಲಿಲ್ಲ.

ಇಂಥ ನಾಡಿನಲ್ಲಿ ಲುಮುಂಬಾ ಮಿಷನ್ ಶಾಲೆಗಳಲ್ಲಿ ಓದಿದರು. ಕ್ಯಾಥೊಲಿಕರ ಶಾಲೆಯಲ್ಲೂ ಪ್ರಾಟೆಸ್ಟಂಟರ ಶಾಲೆಯಲ್ಲೂ ಕಲಿತರು, ಎಲ್ಲಿಯೂ ಹೆಚ್ಚು ಕಾಲ ನಿಲ್ಲಲಿಲ್ಲ. ಆಮೇಲೆ ಸ್ಟಾನ್ಲಿವಿಲ್ ಪಟ್ಟಣಕ್ಕೆ, ಅಂದರೆ ಇಂದಿನ ಕಿಸಂಗಾನಿಗೆ, ಕೆಲಸ ಹುಡುಕಿಕೊಂಡು ಬಂದರು. ರಾಜಧಾನಿ ಲಿಯೋಪೋಲ್ಡ್‌ವಿಲ್‌ನ ಅಂಚೆ ತರಬೇತಿ ಶಾಲೆಯಲ್ಲಿ ತರಬೇತಿ ಪಡೆದು ಚೆನ್ನಾಗಿ ತೇರ್ಗಡೆಯಾದರು. ಅವರ ಔಪಚಾರಿಕ ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಸ್ವಂತ ಓದು. ಹಗಲು ಅಂಚೆ ಕಚೇರಿಯಲ್ಲಿ ಲೆಕ್ಕ, ರಾತ್ರಿ ರೂಸೋ, ವೋಲ್ಟೇರ್, ವಿಕ್ಟರ್ ಹ್ಯೂಗೋ. ಪತ್ರಿಕೆಗಳಿಗೆ ಲೇಖನ ಬರೆದರು, ಸಂಘ ಸಂಸ್ಥೆಗಳಲ್ಲಿ ಓಡಾಡಿದರು.

ಭಾಷೆಗಳ ವಿಷಯ ಬಂದರೆ ಭಾಷಾ ಶಿಕ್ಷಕನಾದ ನಾನು ಸುಮ್ಮನಿರಲಾರೆ. ಲುಮುಂಬಾ ಅವರಿಗೆ ಮನೆಮಾತು ಟೆಟೆಲಾ, ಓದಿನ ಭಾಷೆ ಫ್ರೆಂಚ್, ಇವಲ್ಲದೆ ಸ್ವಾಹಿಲಿ ಮತ್ತು ಲಿಂಗಾಲಾ ಬರುತ್ತಿದ್ದವು. ಪೂರ್ವ ಕಾಂಗೋದ ಸಂತೆಮಾತು ಸ್ವಾಹಿಲಿ. ಅರಬ್ ವ್ಯಾಪಾರಿಗಳ ಸಂಪರ್ಕದಿಂದ ಅದರಲ್ಲಿ ಅರಬ್ಬಿ ಪದಗಳು ತುಂಬಿವೆ. ಪುಸ್ತಕಕ್ಕೆ ಕಿತಾಬು, ಲೋಕಕ್ಕೆ ದುನಿಯಾ, ಕಾಲಕ್ಕೆ ವಕಾತಿ, ಸುದ್ದಿಗೆ ಹಬಾರಿ. ಉರ್ದು ಬಲ್ಲ ನಮ್ಮ ಮಕ್ಕಳಿಗೆ ಇವುಗಳ ಅರ್ಥ ಹೇಳಿಕೊಡಬೇಕಿಲ್ಲ. ಸ್ವಾತಂತ್ರ್ಯಕ್ಕೆ ಅವರು ಹೇಳುವ ಉಹುರು ಎಂಬ ಮಾತೂ ಅರಬ್ಬಿ ಮೂಲದ್ದೇ. ಒಂದೇ ಬುಡಕಟ್ಟಿನ ಮಾತಿಗೆ ಅಂಟಿಕೊಳ್ಳದೆ ಹಲವು ಭಾಷೆಗಳಲ್ಲಿ ಜನರೊಂದಿಗೆ ಬೆರೆಯಬಲ್ಲವರಾಗಿದ್ದರಿಂದಲೇ ಅವರು ಮುಂದೆ ಇಡೀ ದೇಶದ ನಾಯಕರಾಗಲು ಸಾಧ್ಯವಾಯಿತು ಎಂದು ನನಗನ್ನಿಸುತ್ತದೆ.

ಓದು ಕಲಿತ ಕರಿಯರಿಗೆ ಬೆಲ್ಜಿಯನ್ನರು ಒಂದು ಗುರುತಿನ ಚೀಟಿ ಕೊಡುತ್ತಿದ್ದರು. ಇವನು ನಾಗರಿಕನಾಗಿದ್ದಾನೆ ಎಂಬ ಪ್ರಮಾಣಪತ್ರ ಅದು. ಅರ್ಜಿ ಹಾಕಿದವನ ಮನೆಗೆ ಅಧಿಕಾರಿಗಳು ಬಂದು ಹೇಗೆ ಉಣ್ಣುತ್ತಾನೆ, ಮನೆ ಹೇಗಿಟ್ಟಿದ್ದಾನೆ ಎಂದೆಲ್ಲ ನೋಡಿ ಹೋಗುತ್ತಿದ್ದರು. ಲುಮುಂಬಾ ಅವರ ಅರ್ಜಿ ಮೊದಲು ತಿರಸ್ಕೃತವಾಗಿ, ಆಮೇಲೆ 1954ರಲ್ಲಿ ಮಂಜೂರಾಯಿತು. ಆಗಿನ ಲುಮುಂಬಾ ಬಂಡಾಯಗಾರರಲ್ಲ. ಬೆಲ್ಜಿಯನ್ನರೂ ಕಾಂಗೋದವರೂ ಸೇರಿ ಬಾಳಬಹುದು ಎಂದು ನಂಬಿದ್ದವರು. 1956ರಲ್ಲಿ ಸರ್ಕಾರದ ಆಹ್ವಾನದ ಮೇಲೆ ಬೆಲ್ಜಿಯಂ ನೋಡಿ ಬಂದರು.

ಬಂದ ಕೂಡಲೇ ಬಂಧನ. ಅಂಚೆ ಕಚೇರಿಯ ಹಣ ದುರುಪಯೋಗ ಮಾಡಿಕೊಂಡ ಆರೋಪ. ಮಹಾಪುರುಷರ ಚರಿತ್ರೆ ಬರೆಯುವವರು ಇಂಥ ಸಂಗತಿಗಳನ್ನು ನುಂಗಿಬಿಡುತ್ತಾರೆ, ಅದು ಸರಿಯಲ್ಲ. ಹಣ ತೆಗೆದುಕೊಂಡದ್ದನ್ನು ಲುಮುಂಬಾ ನಿರಾಕರಿಸಲಿಲ್ಲ. ಗೆಳೆಯರು ಸೇರಿ ಹಣ ಹೊಂದಿಸಿದರು, ಶಿಕ್ಷೆ ಕಡಿಮೆಯಾಯಿತು, ಒಂದು ವರ್ಷದಷ್ಟು ಜೈಲಿನಲ್ಲಿ ಕಳೆದು 1957ರಲ್ಲಿ ಹೊರಬಂದರು. ಜೈಲಿನಲ್ಲಿ ಕುಳಿತು ಕಾಂಗೋದ ಭವಿಷ್ಯದ ಬಗ್ಗೆ ಒಂದು ಪುಸ್ತಕ ಬರೆದರು. ಅದು ಅಚ್ಚಾದದ್ದು ಅವರು ಸತ್ತ ಮೇಲೆ. ಹೊರಬಂದವರು ರಾಜಧಾನಿಗೆ ಹೋಗಿ ಒಂದು ಬಿಯರ್ ಕಂಪನಿಯ ಮಾರಾಟ ವಿಭಾಗದಲ್ಲಿ ಕೆಲಸ ಹಿಡಿದರು. ಊರೂರು ಅಲೆಯುವ ಆ ಕೆಲಸದಲ್ಲಿ ಜನರನ್ನು ಸೇರಿಸಿ ಮಾತಾಡುವ ಕಲೆ ಅವರಿಗೆ ಕರಗತವಾಯಿತು.

1958 ಅವರ ಬದುಕಿನ ತಿರುವು. ಅಕ್ಟೋಬರ್‌ನಲ್ಲಿ ಕಾಂಗೋಲೀಸ್ ರಾಷ್ಟ್ರೀಯ ಚಳವಳಿ ಎಂಬ ಪಕ್ಷ ಸ್ಥಾಪಿಸಿದರು. ಉಳಿದ ಬಹುತೇಕ ಪಕ್ಷಗಳು ಒಂದೊಂದು ಬುಡಕಟ್ಟಿನವು, ಒಂದೊಂದು ಪ್ರಾಂತ್ಯದವು. ಇದು ಮಾತ್ರ ಇಡೀ ದೇಶದ ಹೆಸರು ಹೇಳಿತು. ಡಿಸೆಂಬರ್‌ನಲ್ಲಿ ಘಾನಾದ ಅಕ್ರಾದಲ್ಲಿ ನಡೆದ ಆಫ್ರಿಕಾ ಜನತೆಯ ಸಮ್ಮೇಳನಕ್ಕೆ ಹೋಗಿ ಎನ್‌ಕ್ರೂಮಾ ಅವರನ್ನು ಭೇಟಿಯಾದರು. ಹಿಂದಿರುಗಿದ ಲುಮುಂಬಾ ಬೇರೆಯೇ ಮನುಷ್ಯ. ಸಹಬಾಳ್ವೆಯ ಮಾತು ಹೋಗಿ ಸ್ವಾತಂತ್ರ್ಯದ ಮಾತು ಬಂತು. 1959ರ ಜನವರಿ 4ರಂದು ರಾಜಧಾನಿಯಲ್ಲಿ ಗಲಭೆಯೆದ್ದು ಪೊಲೀಸರ ಗುಂಡಿಗೆ ಹಲವರು ಬಲಿಯಾದ ಮೇಲೆ ಬೆಲ್ಜಿಯಂ ಗಾಬರಿಗೊಂಡಿತು. ಅದೇ ವರ್ಷದ ಕೊನೆಯಲ್ಲಿ ಸ್ಟಾನ್ಲಿವಿಲ್‌ನ ಗಲಭೆಗೆ ಕಾರಣರೆಂದು ಲುಮುಂಬಾ ಅವರನ್ನು ಮತ್ತೆ ಜೈಲಿಗೆ ಹಾಕಿದರು. ಆದರೆ 1960ರ ಜನವರಿಯಲ್ಲಿ ಬ್ರಸೆಲ್ಸ್‌ನಲ್ಲಿ ದುಂಡುಮೇಜಿನ ಸಭೆ ಸೇರಿದಾಗ ಅವರಿಲ್ಲದೆ ಮಾತುಕತೆಯೇ ಇಲ್ಲ ಎಂದು ಉಳಿದ ನಾಯಕರು ಪಟ್ಟು ಹಿಡಿದರು. ಸೆರೆಯಾಳನ್ನು ಬಿಡಿಸಿ ವಿಮಾನ ಹತ್ತಿಸಬೇಕಾಯಿತು. ಬೇಡಿಯ ಗಾಯ ಮಾಸದ ಮಣಿಕಟ್ಟುಗಳೊಂದಿಗೆ ಅವರು ಸಭೆಗೆ ಬಂದರು. ಸ್ವಾತಂತ್ರ್ಯದ ದಿನ ಗೊತ್ತಾಯಿತು: ಜೂನ್ 30. ಐದು ತಿಂಗಳಷ್ಟೇ ಬಾಕಿ!

ಮೇ ತಿಂಗಳ ಚುನಾವಣೆಯಲ್ಲಿ 137 ಸ್ಥಾನಗಳ ಪೈಕಿ 33 ಗೆದ್ದು ಲುಮುಂಬಾ ಅವರ ಪಕ್ಷ ಎಲ್ಲಕ್ಕಿಂತ ದೊಡ್ಡದಾಯಿತು. ಬಹುಮತ ಯಾರಿಗೂ ಇಲ್ಲ. ಹತ್ತಾರು ಪಕ್ಷಗಳನ್ನು ಜೋಡಿಸಿ ಲುಮುಂಬಾ ಪ್ರಧಾನಿಯಾದರು, ಪ್ರತಿಸ್ಪರ್ಧಿ ಜೋಸೆಫ್ ಕಾಸಾವುಬು ರಾಷ್ಟ್ರಪತಿಯಾದರು. ಆಗ ಲುಮುಂಬಾ ಅವರಿಗೆ ಮೂವತ್ತೈದು ವರ್ಷವೂ ತುಂಬಿರಲಿಲ್ಲ.

ಓದುಗರೇ, ಜೂನ್ 30ರ ಆ ಸಮಾರಂಭವನ್ನು ಕಣ್ಣಮುಂದೆ ತಂದುಕೊಳ್ಳಿ. ಬೆಲ್ಜಿಯಂನ ಯುವ ರಾಜ ಬೋಡ್ವಾಂ ಎದ್ದು ನಿಂತು ತನ್ನ ವಂಶದ ಲಿಯೋಪೋಲ್ಡ್‌ನ ದೊಡ್ಡತನವನ್ನು ಹೊಗಳಿದರು. ಕೈ ಕತ್ತರಿಸಿದವನ ಹೊಗಳಿಕೆಯನ್ನು ಕೈ ಕಳೆದುಕೊಂಡವರ ಮಕ್ಕಳು ಕುಳಿತು ಕೇಳಿದರು. ಕಾಸಾವುಬು ವಿನಯದ ಮಾತಾಡಿದರು. ಕಾರ್ಯಕ್ರಮ ಪಟ್ಟಿಯಲ್ಲಿ ಲುಮುಂಬಾ ಅವರ ಹೆಸರಿರಲಿಲ್ಲ. ಅವರು ಎದ್ದರು. ಈ ಸ್ವಾತಂತ್ರ್ಯ ಯಾರೂ ಕೊಟ್ಟ ದಾನವಲ್ಲ, ಹೋರಾಡಿ ಗಳಿಸಿದ್ದು ಎಂದು ಹೇಳಿ, ಬಿಟ್ಟಿ ದುಡಿಮೆ, ಹೊಡೆತ, ಕಸಿದುಕೊಂಡ ಭೂಮಿ, ಕರಿಯರಿಗೊಂದು ಬಿಳಿಯರಿಗೊಂದು ಎಂಬಂತಿದ್ದ ಕಾನೂನು ಎಲ್ಲವನ್ನೂ ರಾಜನ ಎದುರಿಗೇ ಎಣಿಸಿದರು. ಅದರಲ್ಲೊಂದು ಮಾತು ನನಗೆ ಬಹಳ ನಾಟಿತು. ನಮ್ಮಲ್ಲಿ ನೀನು, ನೀವು ಇರುವಂತೆ, ಉರ್ದುವಿನಲ್ಲಿ ತೂ, ಆಪ್ ಇರುವಂತೆ, ಫ್ರೆಂಚ್‌ನಲ್ಲಿಯೂ ಏಕವಚನ ಬಹುವಚನದ ಭೇದವಿದೆ. ಬಿಳಿಯರು ಕರಿಯರನ್ನೆಲ್ಲ, ವಯಸ್ಸು ನೋಡದೆ, ವಿದ್ಯೆ ನೋಡದೆ, ಏಕವಚನದಲ್ಲೇ ಕರೆಯುತ್ತಿದ್ದರು. ಅದು ಸಲಿಗೆಯಿಂದಲ್ಲ, ಗೌರವದ ಮಾತು ಬಿಳಿಯರಿಗಷ್ಟೇ ಮೀಸಲು ಎಂಬ ಕಾರಣಕ್ಕೆ ಎಂದು ಲುಮುಂಬಾ ಆ ದಿನ ನೆನಪಿಸಿದರು. ಒಂದು ದೇಶದ ಸ್ವಾತಂತ್ರ್ಯೋತ್ಸವದಲ್ಲಿ ಒಂದು ಸರ್ವನಾಮದ ಬಗ್ಗೆ ಮಾತು ಬಂದದ್ದು ಬೇರೆಲ್ಲಾದರೂ ಉಂಟೋ ಕಾಣೆ. ವ್ಯಾಕರಣ ಪಾಠ ಮಾಡುವಾಗ ನಾನು ಇದನ್ನು ಮಕ್ಕಳಿಗೆ ಹೇಳುವುದುಂಟು.

ಸಭೆಯಲ್ಲಿ ಕಾಂಗೋದವರು ಚಪ್ಪಾಳೆ ತಟ್ಟಿದರು, ರಾಜನ ಮುಖ ಬಿಳಿಚಿತು. ಆ ಭಾಷಣ ಅವರಿಗೆ ಮಿತ್ರರಿಗಿಂತ ಶತ್ರುಗಳನ್ನೇ ಹೆಚ್ಚು ತಂದಿತೆಂದು ಹೇಳುವವರಿದ್ದಾರೆ. ಇರಬಹುದು. ಆದರೆ ಮುಂದೆ ನಡೆದ ಅನಾಹುತಕ್ಕೆ ಭಾಷಣ ಕಾರಣವಲ್ಲ.

ಐದನೇ ದಿನಕ್ಕೆ ಅನಾಹುತ ಶುರುವಾಯಿತು. ಸೈನ್ಯದ ಬೆಲ್ಜಿಯನ್ ದಂಡನಾಯಕ ಜನರಲ್ ಯಾನ್ಸೆನ್ಸ್ ಕಪ್ಪು ಹಲಗೆಯ ಮೇಲೆ ಬರೆದು, ಸ್ವಾತಂತ್ರ್ಯದಿಂದ ಸೈನ್ಯದಲ್ಲಿ ಏನೂ ಬದಲಾಗುವುದಿಲ್ಲ ಎಂದು ಸಿಪಾಯಿಗಳಿಗೆ ಪಾಠ ಹೇಳಿದ. ಜುಲೈ 5ರಂದು ಸಿಪಾಯಿಗಳು ದಂಗೆಯೆದ್ದರು. ಲುಮುಂಬಾ ಯಾನ್ಸೆನ್ಸ್‌ನನ್ನು ವಜಾ ಮಾಡಿ, ಸಿಪಾಯಿಗಳಿಗೆಲ್ಲ ಒಂದೊಂದು ಮೆಟ್ಟಿಲು ಬಡ್ತಿ ಕೊಟ್ಟು, ಕಾಂಗೋದವರನ್ನೇ ಅಧಿಕಾರಿಗಳನ್ನಾಗಿ ಮಾಡಿದರು. ತಮ್ಮ ಆಪ್ತನೊಬ್ಬನನ್ನು ಸೈನ್ಯದ ಮುಖ್ಯಸ್ಥರಲ್ಲಿ ಒಬ್ಬನನ್ನಾಗಿ ನೇಮಿಸಿದರು. ಅವನ ಹೆಸರು ಜೋಸೆಫ್ ಮೊಬುಟು. ಆದರೂ ದಂಗೆ ಹಬ್ಬಿತು. ಬಿಳಿಯರ ಮೇಲೆ ಹಲ್ಲೆ, ಹೆಂಗಸರ ಮೇಲೆ ಅತ್ಯಾಚಾರಗಳು ನಡೆದವು. ಬೆಲ್ಜಿಯನ್ನರು ಸಾವಿರಗಟ್ಟಲೆ ಓಡಿಹೋದರು. ಅವರೊಂದಿಗೆ ವೈದ್ಯರು, ಎಂಜಿನಿಯರರು, ನ್ಯಾಯಾಧೀಶರೂ ಹೋದರು. ಅವರ ಜಾಗಕ್ಕೆ ಕೂರಿಸಲು ದೇಶದಲ್ಲಿ ಓದಿದವರಿಲ್ಲ. ಆಗ ಆ ಮೂವತ್ತರ ಲೆಕ್ಕದ ಅರ್ಥ ಎಲ್ಲರಿಗೂ ಗೊತ್ತಾಯಿತು.

ತನ್ನ ಪ್ರಜೆಗಳ ರಕ್ಷಣೆಯ ಹೆಸರಿನಲ್ಲಿ ಬೆಲ್ಜಿಯಂ ಅನುಮತಿ ಕೇಳದೆ ಸೈನ್ಯ ಇಳಿಸಿತು. ಜುಲೈ 11ರಂದು ದಕ್ಷಿಣದ ಕಟಾಂಗಾ ಪ್ರಾಂತ್ಯದ ನಾಯಕ ಮೊಯಿಸ್ ಚೊಂಬೆ ತನ್ನ ಪ್ರಾಂತ್ಯ ಬೇರೆ ದೇಶವೆಂದು ಘೋಷಿಸಿದ. ಕಟಾಂಗಾ ಸಾಮಾನ್ಯ ಪ್ರಾಂತ್ಯವಲ್ಲ. ತಾಮ್ರ, ಕೋಬಾಲ್ಟ್, ಯುರೇನಿಯಂಗಳ ಖಜಾನೆ. ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ಯುರೇನಿಯಂನ ಹೆಚ್ಚಿನ ಭಾಗ ಅಲ್ಲಿನ ಶಿಂಕೊಲೊಬ್ವೆ ಗಣಿಯದ್ದು. ದೇಶದ ವರಮಾನದ ದೊಡ್ಡ ಪಾಲು ಅಲ್ಲಿಂದಲೇ ಬರುತ್ತಿತ್ತು. ಗಣಿಗಳ ಒಡೆಯ ಯೂನಿಯನ್ ಮಿನಿಯೆರ್ ಎಂಬ ಕಂಪನಿ ತೆರಿಗೆಯನ್ನು ರಾಜಧಾನಿಗೆ ಕಳಿಸದೆ ಚೊಂಬೆಗೆ ಕಟ್ಟಿತು. ಬೆಲ್ಜಿಯನ್ ಅಧಿಕಾರಿಗಳು ಅವನ ಸೈನ್ಯ ಕಟ್ಟಿಕೊಟ್ಟರು. ಆಗಸ್ಟ್‌ನಲ್ಲಿ ವಜ್ರದ ಗಣಿಗಳಿರುವ ದಕ್ಷಿಣ ಕಸಾಯಿ ಕೂಡ ಆಲ್ಬರ್ಟ್ ಕಲೊಂಜಿಯ ನಾಯಕತ್ವದಲ್ಲಿ ಬೇರೆಯಾಯಿತು. ಹುಟ್ಟಿ ಆರು ವಾರವಾಗದ ದೇಶ ಮೂರು ತುಂಡಾಯಿತು.

ಲುಮುಂಬಾ ವಿಶ್ವಸಂಸ್ಥೆಯ ಮೊರೆಹೋದರು. ಕೆಲವೇ ದಿನಗಳಲ್ಲಿ ಘಾನಾ, ಟ್ಯುನೀಷಿಯಾ, ಮೊರಾಕೊ, ಇಥಿಯೋಪಿಯಾ ಮುಂತಾದ ದೇಶಗಳ ಸೈನಿಕರು ನೀಲಿ ಶಿರಸ್ತ್ರಾಣ ಧರಿಸಿ ಬಂದಿಳಿದರು. ಆದರೆ ಕಟಾಂಗಾದ ಮೇಲೆ ಬಲಪ್ರಯೋಗ ಮಾಡಲು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಡಾಗ್ ಹ್ಯಾಮರ್‌ಶೀಲ್ಡ್ ಒಪ್ಪಲಿಲ್ಲ. ಅದು ಒಳಗಿನ ಜಗಳ, ನಾವು ಪಕ್ಷ ವಹಿಸಲಾರೆವು ಎಂಬುದು ಅವರ ನಿಲುವು. ಬೆಲ್ಜಿಯಂ ನಿಲ್ಲಿಸಿದ ಗೊಂಬೆಯನ್ನು ಒಳಗಿನ ಜಗಳ ಎನ್ನುವುದು ಹೇಗೆ ಎಂದು ಲುಮುಂಬಾ ಸಿಟ್ಟಾದರು. ಅಮೆರಿಕಕ್ಕೆ ಹೋದರು, ಅಧ್ಯಕ್ಷ ಐಸೆನ್‌ಹೋವರ್ ಭೇಟಿಗೆ ಸಿಗಲಿಲ್ಲ. ಕೊನೆಗೆ ಸೋವಿಯತ್ ಒಕ್ಕೂಟದ ನೆರವು ಕೇಳಿದರು. ವಿಮಾನಗಳು, ಲಾರಿಗಳು ಬಂದವು. ಶೀತಲ ಸಮರದ ಆ ದಿನಗಳಲ್ಲಿ ಇಷ್ಟು ಸಾಕಾಗಿತ್ತು. ಲುಮುಂಬಾ ಕಮ್ಯುನಿಸ್ಟರಲ್ಲ, ಆದರೆ ವಾಷಿಂಗ್ಟನ್‌ನ ದಫ್ತರದಲ್ಲಿ ಅವರ ಹೆಸರಿನ ಮುಂದೆ ಕೆಂಪು ಗೀಟು ಬಿತ್ತು. ಅವರನ್ನು ಕೊಲ್ಲಲು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ವಿಷವನ್ನು ಕಾಂಗೋಗೆ ಕಳಿಸಿತ್ತು ಎಂಬ ಸಂಗತಿ 1975ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ವಿಚಾರಣೆಯಿಂದಲೇ ಹೊರಬಂತು. ಆ ವಿಷವನ್ನು ಬಳಸಲಿಲ್ಲ.

ಇಲ್ಲಿ ಇನ್ನೊಂದು ಕಹಿ ಸಂಗತಿಯನ್ನೂ ಹೇಳಬೇಕು. ಸೋವಿಯತ್ ವಿಮಾನಗಳ ನೆರವಿನಿಂದ ಲುಮುಂಬಾ ದಕ್ಷಿಣ ಕಸಾಯಿಗೆ ಕಳಿಸಿದ ಸೈನ್ಯ ಆಗಸ್ಟ್ ಕೊನೆಯಲ್ಲಿ ಬಕ್ವಾಂಗಾ ಪಟ್ಟಣದಲ್ಲಿ ಬಲೂಬಾ ಜನರ ಮೇಲೆ ಎರಗಿತು. ನಿಶ್ಶಸ್ತ್ರರಾದ ನೂರಾರು ಜನ ಸತ್ತರು. ಕೊಲ್ಲಿರೆಂದು ಲುಮುಂಬಾ ಹೇಳಿರಲಿಲ್ಲ. ಸಂಬಳವೂ ರೇಷನ್ನೂ ಸರಿಯಾಗಿಲ್ಲದ, ಅಧಿಕಾರಿಗಳ ಮಾತು ಕೇಳದ ಸೈನ್ಯವದು. ಆದರೆ ಅಂಥ ಸೈನ್ಯವನ್ನು ಕಳಿಸಿದ ಹೊಣೆ ಪ್ರಧಾನಿಯದ್ದೇ. ದೇಶ ಒಂದಾಗಿರಬೇಕೆಂದು ದುಡಿದವರ ಹೆಸರಿನಲ್ಲೇ ದೇಶದ ಜನ ಸತ್ತರು. ಅವರನ್ನು ಮೆಚ್ಚುವ ನಾವು ಇದನ್ನು ಮರೆತರೆ ಬಲೂಬಾ ಜನರಿಗೆ ಅನ್ಯಾಯ ಮಾಡಿದಂತಾಗುತ್ತದೆ.

ಸೆಪ್ಟೆಂಬರ್ 5ರಂದು ರಾಷ್ಟ್ರಪತಿ ಕಾಸಾವುಬು ರೇಡಿಯೋದಲ್ಲಿ ಲುಮುಂಬಾ ಅವರನ್ನು ವಜಾ ಮಾಡಿದರು. ಲುಮುಂಬಾ ಅದೇ ರೇಡಿಯೋಗೆ ಹೋಗಿ ಕಾಸಾವುಬು ಅವರನ್ನು ವಜಾ ಮಾಡಿದರು. ಸಂಸತ್ತು ಲುಮುಂಬಾ ಕಡೆಗಿತ್ತು. ಆದರೆ ವಿಶ್ವಸಂಸ್ಥೆಯವರು ರೇಡಿಯೋ ಕೇಂದ್ರವನ್ನೂ ವಿಮಾನ ನಿಲ್ದಾಣಗಳನ್ನೂ ಮುಚ್ಚಿಸಿದರು. ಮಾತೇ ಆಯುಧವಾಗಿದ್ದ ಮನುಷ್ಯನ ಬಾಯಿ ಕಟ್ಟಿದಂತಾಯಿತು. ಸೆಪ್ಟೆಂಬರ್ 14ರಂದು ಅವರೇ ಬೆಳೆಸಿದ ಮೊಬುಟು ಅಧಿಕಾರ ಹಿಡಿದ.

ಮೊಬುಟು ಆಡಳಿತ ನಡೆಸಲು ಯಾರನ್ನು ಕೂರಿಸಿದ ಗೊತ್ತೇ? ದೇಶದಲ್ಲಿದ್ದ ಆ ಬೆರಳೆಣಿಕೆಯ ಪದವೀಧರರನ್ನು ಮತ್ತು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು. ಆಯುಕ್ತರ ಮಂಡಳಿ ಎಂದು ಅದಕ್ಕೆ ಹೆಸರು. ಜನರಿಂದ ಆಯ್ಕೆಯಾದ ಅಂಚೆ ಗುಮಾಸ್ತನನ್ನು ಅವನ ವೈರಿಗಳ ಕೈಗೆ ಒಪ್ಪಿಸುವ ನಿರ್ಧಾರದಲ್ಲಿ ಈ ಮಂಡಳಿಯವರೂ ಪಾಲುದಾರರು. ನಮ್ಮ ಸಭೆಗಳಲ್ಲಿ ತಾಲೀಮಿನ ಮಹತ್ವದ ಬಗ್ಗೆ ನಾನೂ ಭಾಷಣ ಮಾಡಿದ್ದೇನೆ. ಈ ಭಾಗವನ್ನು ಓದಿದ ದಿನ ಮಾತ್ರ ಬಹಳ ಹೊತ್ತು ಸುಮ್ಮನೆ ಕುಳಿತೆ.

ಲುಮುಂಬಾ ತಮ್ಮ ಮನೆಯಲ್ಲೇ ಬಂದಿಯಾದರು. ರಕ್ಷಣೆಗೆ ವಿಶ್ವಸಂಸ್ಥೆಯ ಸೈನಿಕರ ಒಂದು ಸುತ್ತು, ಹಿಡಿಯಲು ಮೊಬುಟು ಸಿಪಾಯಿಗಳ ಇನ್ನೊಂದು ಸುತ್ತು. ಆಗ ಕಾಂಗೋದಲ್ಲಿ ವಿಶ್ವಸಂಸ್ಥೆಯ ಪ್ರತಿನಿಧಿಯಾಗಿದ್ದವರು ನಮ್ಮ ದೇಶದ ರಾಜತಾಂತ್ರಿಕ ರಾಜೇಶ್ವರ್ ದಯಾಳ್. ಲುಮುಂಬಾ ಅವರ ಬಂಧನಕ್ಕೆ ದಯಾಳ್ ಒಪ್ಪಲಿಲ್ಲ, ಅದರಿಂದ ಹಲವರ ಕೋಪಕ್ಕೆ ಗುರಿಯಾಗಿ 1961ರ ಮೇ ತಿಂಗಳಲ್ಲಿ ಹುದ್ದೆ ಬಿಡಬೇಕಾಯಿತು. ಅಪಾಯವರಿತ ಲುಮುಂಬಾ ಹಿರಿಯ ಮೂವರು ಮಕ್ಕಳಾದ ಫ್ರಾಂಸ್ವಾ, ಪ್ಯಾಟ್ರಿಸ್ ಮತ್ತು ಪುಟ್ಟ ಜೂಲಿಯಾನಾಳನ್ನು ಗುಟ್ಟಾಗಿ ಈಜಿಪ್ಟ್‌ಗೆ ಕಳಿಸಿದರು. ಗಮಾಲ್ ಅಬ್ದುಲ್ ನಾಸೆರ್ ಅವರ ಸರ್ಕಾರ ಆಶ್ರಯ ಕೊಟ್ಟಿತು. ಅಬ್ದುಲ್ ಅಜೀಜ್ ಇಸ್‌ಹಾಕ್ ಎಂಬ ಈಜಿಪ್ಟಿನ ರಾಜತಾಂತ್ರಿಕರ ಮನೆಯಲ್ಲಿ, ಅವರ ಸ್ವಂತ ಮಕ್ಕಳೊಂದಿಗೆ ಆ ಮಕ್ಕಳು ಬೆಳೆದರು. ಕ್ರೈಸ್ತ ತಂದೆಯ ಅಮಾನತ್ತನ್ನು ಒಂದು ಮುಸ್ಲಿಂ ಕುಟುಂಬ ಕೈರೋದಲ್ಲಿ ಜೋಪಾನ ಮಾಡಿತು.

ನವೆಂಬರ್ 27ರ ಮಳೆಯ ರಾತ್ರಿ ಲುಮುಂಬಾ ಕಾರಿನಲ್ಲಿ ಅಡಗಿ ಮನೆಯಿಂದ ಹೊರಬಿದ್ದರು. ಗುರಿ ಸ್ಟಾನ್ಲಿವಿಲ್, ಅಲ್ಲಿ ಅವರ ಅನುಯಾಯಿಗಳು ಸರ್ಕಾರ ನಡೆಸುತ್ತಿದ್ದರು. ದಾರಿಯುದ್ದಕ್ಕೂ ಹಳ್ಳಿಯ ಜನ ಕಾರು ತಡೆದು ಮಾತಾಡಿ ಎಂದರು. ಲುಮುಂಬಾ ನಿಂತು ಮಾತಾಡಿದರು. ಬೆನ್ನಟ್ಟುವವರಿಗೆ ಸಮಯ ಸಿಕ್ಕಿತು. ಡಿಸೆಂಬರ್ 1ರ ಹೊತ್ತಿಗೆ ಸಂಕುರು ನದಿ ತಲುಪಿದರು. ಸಣ್ಣ ದೋಣಿ, ಎಲ್ಲರೂ ಒಟ್ಟಿಗೆ ದಾಟುವಂತಿಲ್ಲ. ಲುಮುಂಬಾ ಆಚೆ ದಡ ಸೇರಿದರು, ಹೆಂಡತಿ ಪಾಲಿನ್ ಮತ್ತು ಎರಡು ವರ್ಷದ ಮಗ ರೋಲಾಂ ಈಚೆಗೇ ಉಳಿದರು. ಅಷ್ಟರಲ್ಲಿ ಸಿಪಾಯಿಗಳು ಬಂದರು. ಮುಂದೆ ಹೋಗಿ ಎಂದು ಜೊತೆಗಿದ್ದವರು ಬೇಡಿಕೊಂಡರೂ ಲುಮುಂಬಾ ದೋಣಿ ಹತ್ತಿ ಹೆಂಡತಿ ಮಗುವಿದ್ದ ದಡಕ್ಕೆ ಹಿಂದಿರುಗಿದರು. ಅಲ್ಲೇ ಸೆರೆಯಾದರು.

ಕೈ ಹಿಂದಕ್ಕೆ ಕಟ್ಟಿ ಲಾರಿಯ ಮೇಲೆ ಕೂರಿಸಿ ಕ್ಯಾಮೆರಾಗಳ ಮುಂದೆ ಅವರನ್ನು ಅವಮಾನಿಸಿದರು. ಥೈಸ್‌ವಿಲ್‌ನ ಸೈನಿಕ ಸೆರೆಮನೆಯಿಂದ ಪಾಲಿನ್‌ಗೆ ಬರೆದ ಕೊನೆಯ ಪತ್ರದಲ್ಲಿ ಅವರು ಕರುಣೆ ಬೇಡುವುದಿಲ್ಲವೆಂದೂ, ಆಫ್ರಿಕಾದ ಚರಿತ್ರೆಯನ್ನು ಮುಂದೊಂದು ದಿನ ಆಫ್ರಿಕಾದವರೇ ಬರೆಯುವರೆಂದೂ ತಿಳಿಸಿದ್ದರು. 1961ರ ಜನವರಿ 17ರಂದು ಅವರನ್ನೂ, ಜೊತೆಗಾರರಾದ ಸಚಿವ ಮೊರಿಸ್ ಎಂಪೊಲೊ ಮತ್ತು ಸೆನೆಟ್‌ನ ಜೋಸೆಫ್ ಒಕಿಟೊ ಅವರನ್ನೂ ವಿಮಾನದಲ್ಲಿ ಕಟಾಂಗಾಕ್ಕೆ, ಪರಮ ವೈರಿ ಚೊಂಬೆಯ ಕೈಗೆ ಕಳಿಸಿದರು. ವಿಮಾನದಲ್ಲೇ ಹೊಡೆತ. ಅದೇ ರಾತ್ರಿ ಕಾಡಿನ ಅಂಚಿನ ಮರವೊಂದಕ್ಕೆ ಒಬ್ಬೊಬ್ಬರನ್ನಾಗಿ ನಿಲ್ಲಿಸಿ ಗುಂಡಿಕ್ಕಿದರು. ಬೆಲ್ಜಿಯನ್ ಅಧಿಕಾರಿಗಳು ಅಲ್ಲಿ ಹಾಜರಿದ್ದರು. ಗೋರಿಯೂ ಉಳಿಯಬಾರದೆಂದು ಜೆರಾರ್ ಸೂಟ್ ಎಂಬ ಬೆಲ್ಜಿಯನ್ ಪೊಲೀಸ್ ಅಧಿಕಾರಿ ಶವಗಳನ್ನು ಅಗೆದು ತೆಗೆದು ಆಮ್ಲದಲ್ಲಿ ಕರಗಿಸಿದ. ಲುಮುಂಬಾ ಅವರ ಹಲ್ಲನ್ನು ತನ್ನ ಬಳಿ ಇಟ್ಟುಕೊಂಡ.

ತಪ್ಪಿಸಿಕೊಂಡು ಹೋಗುವಾಗ ಹಳ್ಳಿಯವರು ಕೊಂದರು ಎಂಬ ಸುಳ್ಳು ಸುದ್ದಿ ಫೆಬ್ರವರಿ 13ರಂದು ಹೊರಬಂತು. ಯಾರೂ ನಂಬಲಿಲ್ಲ. ಕೈರೋ ಮತ್ತು ಬೆಲ್‌ಗ್ರೇಡ್‌ನಲ್ಲಿ ಬೆಲ್ಜಿಯಂ ರಾಯಭಾರ ಕಚೇರಿಗಳ ಮೇಲೆ ಜನ ನುಗ್ಗಿದರು. ನ್ಯೂಯಾರ್ಕ್‌ನಲ್ಲಿ ಭದ್ರತಾ ಮಂಡಳಿಯ ಸಭಾಂಗಣದೊಳಗೇ ಗಲಾಟೆಯಾಯಿತು. ನಮ್ಮ ಪ್ರಧಾನಿ ನೆಹರೂ ಈ ಕೊಲೆಯನ್ನು ಖಂಡಿಸಿದರು. ಅಂತರ್ಯುದ್ಧ ತಡೆಯಲು ಕೊನೆಯ ಉಪಾಯವಾಗಿ ಬಲ ಬಳಸಬಹುದೆಂದು ಭದ್ರತಾ ಮಂಡಳಿ ಫೆಬ್ರವರಿ 21ರಂದು ಒಪ್ಪಿತು. ಲುಮುಂಬಾ ಬದುಕಿದ್ದಾಗ ಕೇಳಿದ್ದು ಅವರ ಸಾವಿನ ನಂತರ ಸಿಕ್ಕಿತು. ಭಾರತ ಒಂದು ಬ್ರಿಗೇಡ್ ಸೈನ್ಯವನ್ನು ಕಳಿಸಿತು. ಡಿಸೆಂಬರ್ 5ರಂದು ಕಟಾಂಗಾದ ಎಲಿಜಬೆತ್‌ವಿಲ್‌ನಲ್ಲಿ ಗೂರ್ಖಾ ರೈಫಲ್ಸ್‌ನ ಕ್ಯಾಪ್ಟನ್ ಗುರ್‌ಬಚನ್ ಸಿಂಗ್ ಸಲಾರಿಯಾ ಬೆರಳೆಣಿಕೆಯ ಜವಾನರೊಂದಿಗೆ ತಮಗಿಂತ ಹಲವು ಪಟ್ಟು ಹೆಚ್ಚಿದ್ದ ಶತ್ರುಗಳ ಮೇಲೆ ನುಗ್ಗಿ ವೀರಮರಣ ಹೊಂದಿದರು. ಅವರಿಗೆ ಪರಮವೀರ ಚಕ್ರ ಸಂದಿತು. ಅದಕ್ಕೆ ಮೊದಲೇ ಸೆಪ್ಟೆಂಬರ್‌ನಲ್ಲಿ ಸಂಧಾನಕ್ಕೆಂದು ಹೊರಟಿದ್ದ ಹ್ಯಾಮರ್‌ಶೀಲ್ಡ್ ಅವರ ವಿಮಾನ ಇಂದಿನ ಜಾಂಬಿಯಾದ ಎನ್‌ಡೋಲಾ ಬಳಿ ಉರುಳಿ ಅವರೂ ತೀರಿಕೊಂಡಿದ್ದರು. 1963ರ ಜನವರಿಯಲ್ಲಿ ಕಟಾಂಗಾ ಶರಣಾಯಿತು.

ಬೆಂಕಿ ಆರಲಿಲ್ಲ, ಅಕ್ಕಪಕ್ಕಕ್ಕೆ ಹಬ್ಬಿತು. 1964ರಲ್ಲಿ ಲುಮುಂಬಾ ಹೆಸರಿನಲ್ಲೇ ಸಿಂಬಾ ಬಂಡಾಯಗಾರರು ಪೂರ್ವ ಕಾಂಗೋವನ್ನು ಆಕ್ರಮಿಸಿದರು, ರುವಾಂಡಾದಿಂದ ಓಡಿಬಂದಿದ್ದ ಟುಟ್ಸಿ ನಿರಾಶ್ರಿತರಲ್ಲಿ ಕೆಲವರು ಅವರೊಂದಿಗೆ ಸೇರಿದರು. ಮರುವರ್ಷ ಚೆ ಗೆವಾರಾ ಅಲ್ಲಿಗೆ ಬಂದು ಕೆಲವು ತಿಂಗಳಿದ್ದು ನಿರಾಶರಾಗಿ ಹಿಂದಿರುಗಿದರು. ಸೋತ ಕಟಾಂಗಾ ಸೈನಿಕರು ಅಂಗೋಲಾ ಸೇರಿ, 1977 ಮತ್ತು 1978ರಲ್ಲಿ ಅಲ್ಲಿಂದಲೇ ಹಿಂದಿರುಗಿ ಯುದ್ಧ ಹೂಡಿದರು. ಕಟಾಂಗಾದ ಅನುಭವದಿಂದ ಬೆದರಿದ ಆಫ್ರಿಕಾ ಏಕತಾ ಸಂಸ್ಥೆ 1964ರಲ್ಲಿ ಕೈರೋದಲ್ಲಿ ಸೇರಿ, ವಸಾಹತುಗಾರರು ಎಳೆದ ಗಡಿಗಳು ಎಷ್ಟೇ ಅನ್ಯಾಯದವಾದರೂ ಅವನ್ನು ಮುಟ್ಟಬಾರದೆಂದು ತೀರ್ಮಾನಿಸಿತು. ನೈಜೀರಿಯಾದಿಂದ ಬಯಾಫ್ರಾ ಬೇರೆಯಾಗಲು ಹೊರಟಾಗ ಬಹುಪಾಲು ಆಫ್ರಿಕನ್ ದೇಶಗಳು ಬೆಂಬಲಿಸದಿರಲು ಈ ನೆನಪೂ ಒಂದು ಕಾರಣ. ಮೊಬುಟು 1965ರಲ್ಲಿ ಪೂರ್ಣ ಅಧಿಕಾರ ಹಿಡಿದು 1997ರವರೆಗೆ ದೇಶವನ್ನು ದೋಚಿದ. ಕೊಲ್ಲಿಸಿದವನೇ 1966ರಲ್ಲಿ ಲುಮುಂಬಾ ಅವರನ್ನು ರಾಷ್ಟ್ರವೀರನೆಂದು ಘೋಷಿಸಿದ್ದೂ ಉಂಟು! ಅವನು ಬಿದ್ದ ಮೇಲೆ 1998ರಿಂದ 2003ರವರೆಗೆ ಒಂಬತ್ತು ಆಫ್ರಿಕನ್ ರಾಷ್ಟ್ರಗಳು ಆ ನೆಲದಲ್ಲಿ ಕಾದಾಡಿದವು. 2025ರ ಜನವರಿಯಲ್ಲೂ ಪೂರ್ವದ ಗೋಮಾ ನಗರ ಬಂಡುಕೋರರ ವಶವಾಯಿತು.

ಬೆಲ್ಜಿಯಂನ ಸಂಶೋಧಕ ಲುಡೊ ಡೆ ವಿಟ್ಟೆ 1999ರಲ್ಲಿ ದಾಖಲೆಗಳೊಂದಿಗೆ ಪುಸ್ತಕ ಪ್ರಕಟಿಸಿದ ಮೇಲೆ ಅಲ್ಲಿನ ಸಂಸತ್ತು ವಿಚಾರಣೆ ನಡೆಸಿತು. 2002ರಲ್ಲಿ ಸರ್ಕಾರ ಕ್ಷಮೆ ಕೇಳಿತು. ಹಲ್ಲು ಮಾತ್ರ ಸೂಟ್‌ನ ಮನೆಯಲ್ಲೇ ಇತ್ತು. ಅವನು ಸತ್ತ ಮೇಲೆ, 2016ರಲ್ಲಿ ಪೊಲೀಸರು ಅದನ್ನು ಅವನ ಮಗಳಿಂದ ವಶಪಡಿಸಿಕೊಂಡರು. ಕೈರೋದಲ್ಲಿ ಬೆಳೆದ ಜೂಲಿಯಾನಾ 2020ರಲ್ಲಿ ಬೆಲ್ಜಿಯಂನ ರಾಜನಿಗೆ ಪತ್ರ ಬರೆದು ತಂದೆಯ ಅವಶೇಷವನ್ನು ಮರಳಿಸಬೇಕೆಂದು ಕೇಳಿದರು. 2022ರ ಜೂನ್ 20ರಂದು ಬ್ರಸೆಲ್ಸ್‌ನಲ್ಲಿ ಒಂದು ಸಣ್ಣ ನೀಲಿ ಪೆಟ್ಟಿಗೆಯನ್ನು ಮಕ್ಕಳ ಕೈಗೆ ಕೊಟ್ಟರು. ಅದನ್ನು ಶವಪೆಟ್ಟಿಗೆಯಲ್ಲಿಟ್ಟು ಕಾಂಗೋಗೆ ತಂದರು. ಮೊದಲು ಹುಟ್ಟೂರಿನ ಕಡೆಗೆ, ಆಮೇಲೆ ಅಂಚೆ ಗುಮಾಸ್ತರಾಗಿ ದುಡಿದ ಕಿಸಂಗಾನಿಗೆ, ಗುಂಡೇಟು ತಿಂದ ಕಟಾಂಗಾಕ್ಕೆ ಮೆರವಣಿಗೆ ಹೋಯಿತು. ಜೂನ್ 30ರಂದು, ಅವರು ರಾಜನ ಎದುರು ಎದ್ದು ಮಾತಾಡಿ ಅರವತ್ತೆರಡು ವರ್ಷವಾದ ದಿನ, ಕಿನ್ಶಾಸಾದಲ್ಲಿ ಅದನ್ನು ಮಣ್ಣು ಮಾಡಿದರು.